ಮೂರು ವರ್ಷ ಬಳಸಿದ ಮೇಲೆ: ಹಳೇ ಮೋಟರ್‌ಹೋಮ್‌ಗೆ 45 ಡಾಲರಿನ ಡಿಸಿ ಕ್ಲ್ಯಾಂಪ್ ಮೀಟರ್

ನಮ್ಮ ಮೋಟರ್‌ಹೋಮ್ 1995ರದ್ದು, ಮನೆಯನ್ನೇ ಹೊತ್ತು ಓಡುವ ಗಾಡಿ. ಫೋರ್ಡ್ ಇ-350 ಚಾಸಿ, ಡ್ರೈವರ್ ತಲೆ ಮೇಲೆ ಮಂಚ ಇರುವ ಕ್ಲಾಸ್ ಸಿ ಗಾಡಿ. 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಸೆಕೆಂಡ್ ಹ್ಯಾಂಡ್ ತಗೊಂಡೆವು. ಎಂಜಿನ್ ಬಗ್ಗೆ ಒಂದು ಮಾತೂ ದೂರಿಲ್ಲ. ತಲೆನೋವೆಲ್ಲ ಹಿಂದಿನ ಮನೆ ಭಾಗದ ಕರೆಂಟಿಂದು. ಲೈಟು ಮಂಕಾಗುವುದು, ನೀರಿನ ಪಂಪು ತಿಣುಕುವುದು, ಬೆಳಗ್ಗೆ ಎದ್ದರೆ ಬ್ಯಾಟರಿ ಖಾಲಿ.

ಒಂದೇ ವರ್ಷದಲ್ಲಿ ಎರಡು ಸಲ ಬ್ಯಾಟರಿ ಬದಲಾಯಿಸಿದೆ. ಪ್ರತಿ ಸಲ 6 ವೋಲ್ಟಿನ ಗಾಲ್ಫ್ ಕಾರ್ಟ್ ಬ್ಯಾಟರಿ ಎರಡೆರಡು (ಎರಡು ಸೇರಿ 12 ವೋಲ್ಟ್). ಒಂದು ಗ್ಯಾರೇಜಿನವರು ಕನ್ವರ್ಟರ್ ಹೋಗಿದೆ ಅಂದರು. ಅವರು ಯಾವ ಮೀಟರನ್ನೂ ಕೈಗೆ ತಗೊಳ್ಳದೆ ಹಾಗೆ ಹೇಳಿದ್ದು ನನಗೆ ಯಾಕೋ ಸರಿ ಅನಿಸಲಿಲ್ಲ. ವೈರು ಕಡಿಯದೆ, ಅದನ್ನು ಇಕ್ಕಳದಂತೆ ಕಚ್ಚಿ ಕರೆಂಟು ಅಳೆಯುವ ಈ ಮೀಟರ್ ತಗೊಂಡಿದ್ದು ಆ ಖರ್ಚೆಲ್ಲ ಆದ ಮೇಲೆ. ಮೊದಲೇ ತಗೊಂಡಿದ್ದರೆ ಕನಿಷ್ಠ ಒಂದು ಜೋಡಿ ಬ್ಯಾಟರಿಯ ದುಡ್ಡು ಉಳಿಯುತ್ತಿತ್ತು.

ಮೋಟರ್‌ಹೋಮ್ ಗೊತ್ತಿಲ್ಲದವರಿಗೆ ಎರಡು ಮಾತು. ಒಳಗೆ ಎರಡು ಥರದ ಕರೆಂಟ್ ಇರುತ್ತದೆ. ಲೈಟು, ಪಂಪು, ಹೀಟರಿನ ಫ್ಯಾನು, ಫ್ರಿಜ್ಜಿನ ಬೋರ್ಡು ಎಲ್ಲ 12 ವೋಲ್ಟ್ ಬ್ಯಾಟರಿಯಲ್ಲಿ. ಏಸಿ, ಮೈಕ್ರೋವೇವ್ 120 ವೋಲ್ಟಿನಲ್ಲಿ, ಅಂದರೆ ಹೊರಗೆ ಪ್ಲಗ್ ಹಾಕಿದಾಗ ಅಥವಾ ಜನರೇಟರ್ ಓಡಿಸಿದಾಗ. ಎರಡರ ನಡುವೆ ಕೂತಿರುವುದು ಕನ್ವರ್ಟರ್. 120 ವೋಲ್ಟ್ ಬಂದಾಗ ಅದು 12 ವೋಲ್ಟಿನ ಸಾಮಾನುಗಳನ್ನೂ ನಡೆಸುತ್ತದೆ, ಬ್ಯಾಟರಿಯನ್ನೂ ಚಾರ್ಜ್ ಮಾಡುತ್ತದೆ.

2022ರ ಜನವರಿಯಲ್ಲಿ ಡೆತ್ ವ್ಯಾಲಿಗೆ ಹೋಗಿದ್ದೆವು. ಉಳಿದಿದ್ದು ಫರ್ನೇಸ್ ಕ್ರೀಕ್‌ನಲ್ಲಿ. 1913ರ ಜುಲೈನಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾದ ಜಾಗ ಅದು. ಚಳಿಗಾಲದ ರಾತ್ರಿ ಮಾತ್ರ ಅಲ್ಲಿ ಹಲ್ಲು ಕಟಕಟ ಅನ್ನುತ್ತದೆ. ಫರ್ನೇಸ್ ಅಂದರೆ ಕುಲುಮೆ. ಆ ಹೆಸರಿನ ಊರಿನಲ್ಲಿ ನಮ್ಮ ಕುಲುಮೆಯೇ, ಅಂದರೆ ಗ್ಯಾಸ್ ಹೀಟರೇ, ಹೊತ್ತಿಕೊಳ್ಳಲಿಲ್ಲ! ಫ್ಯಾನು ತಿರುಗುತ್ತಿತ್ತು, ಆದರೆ ಸುಸ್ತಾದ ಸದ್ದು. ಅರ್ಧ ನಿಮಿಷ ಕಾದರೂ ಟಿಕ್ ಟಿಕ್ ಕಿಡಿ ಇಲ್ಲ, ಬೆಂಕಿ ಇಲ್ಲ. ರಾತ್ರಿ ಜನರೇಟರ್ ಹಾಕುವ ಹಾಗಿಲ್ಲ. ಹೆಂಡತಿ ಎರಡು ರಗ್ಗು ಹೊದ್ದು ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ.

ಆಮೇಲೆ ಗೊತ್ತಾಯಿತು, ಈ ಹೀಟರಿನೊಳಗೆ ಸೈಲ್ ಸ್ವಿಚ್ ಅಂತ ಒಂದು ಸಣ್ಣ ತಗಡಿನ ರೆಕ್ಕೆ ಇರುತ್ತದೆ. ಫ್ಯಾನಿನ ಗಾಳಿ ಅದನ್ನು ತಳ್ಳಿದರೆ ಮಾತ್ರ ಗ್ಯಾಸ್ ಬಿಡಲು ಒಪ್ಪಿಗೆ. ವೋಲ್ಟೇಜ್ ಕಮ್ಮಿಯಾದರೆ ಫ್ಯಾನು ನಿಧಾನ, ರೆಕ್ಕೆ ಅಲುಗಲ್ಲ, ಬೆಂಕಿ ಬರಲ್ಲ. ಹೀಟರ್ ಕೆಟ್ಟಿರಲಿಲ್ಲ. ಅದಕ್ಕೆ ಹೊಟ್ಟೆಗೆ ಸಾಲುತ್ತಿರಲಿಲ್ಲ, ಅಷ್ಟೇ.

ವಾಪಸ್ ಬಂದ ವಾರವೇ ಈ ಮೀಟರ್ ತರಿಸಿದೆ. ಬ್ರಾಂಡಿನ ಹೆಸರು ಬೇಕಿಲ್ಲ, ನೋಡಬೇಕಾದ್ದು ಒಂದೇ: ಕ್ಲ್ಯಾಂಪ್ ಡಿಸಿ ಆಂಪ್, ಅಂದರೆ ಬ್ಯಾಟರಿಯ ಕರೆಂಟು, ಅಳೆಯುತ್ತಾ? ಅಗ್ಗದ ಕ್ಲ್ಯಾಂಪ್ ಮೀಟರುಗಳಲ್ಲಿ ಎಷ್ಟೋ ಎಸಿ ಕರೆಂಟು, ಅಂದರೆ ಮನೆಯ ಪ್ಲಗ್ಗಿನಲ್ಲಿ ಬರುವಂಥದ್ದು, ಮಾತ್ರ ಅಳೆಯುತ್ತವೆ. ಅವುಗಳ ಬಾಯಲ್ಲಿರುವುದು ಬರೀ ಕಾಯಿಲ್, ಬ್ಯಾಟರಿಯ ಕರೆಂಟು ಅದಕ್ಕೆ ಕಾಣಿಸುವುದೇ ಇಲ್ಲ. ಡಿಸಿಗೆ ಹಾಲ್ ಸೆನ್ಸರ್ (ತಂತಿಯ ಸುತ್ತಲಿನ ಕಾಂತಕ್ಷೇತ್ರ ಗುರುತಿಸುವ ಚಿಪ್) ಇರುವುದೇ ಬೇಕು.

ಶನಿವಾರ ಮನೆ ಮುಂದೆ ಗಾಡಿ ನಿಲ್ಲಿಸಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ತಿಪಟೂರಿನಲ್ಲಿ ಮೂವತ್ತು ವರ್ಷ ಪಂಪ್‌ಸೆಟ್ ಮೋಟರು ರಿವೈಂಡಿಂಗ್ ಮಾಡಿದವರು ಅವರು.

"ಅರ್ಥಿಂಗ್ ನೋಡಿದ್ಯೇನೋ?"

"ಬ್ಯಾಟರಿ ಹೊಸದು ಅಪ್ಪ. 12.7 ತೋರಿಸ್ತಿದೆ."

"ಸುಮ್ನೆ ಕೂತಿರೋ ಬ್ಯಾಟರಿ ಎಲ್ಲಾ ಚೆನ್ನಾಗೇ ತೋರಿಸುತ್ತೆ. ಲೋಡ್ ಹಾಕಿ ನೋಡು. ಕರೆಂಟು ಹೋದ್ರೆ ಸಾಲ್ದು ಕಣೋ, ವಾಪಸ್ಸೂ ಬರಬೇಕು."

ಹೀಟರಿನ ಫ್ಯಾನ್ ಹಾಕಿದೆ. ಅದು 8 ಆಂಪ್ ಎಳೆಯುತ್ತದೆ. ಬ್ಯಾಟರಿಯ ಟರ್ಮಿನಲ್ಲುಗಳ ಮೇಲೆ 12.4 ವೋಲ್ಟ್. ಒಳಗೆ ಫ್ಯೂಸ್ ಬಾಕ್ಸಿನಲ್ಲಿ 10.9. ಒಂದೂವರೆ ವೋಲ್ಟ್ ದಾರಿಯಲ್ಲೇ ಮಾಯ. ಮೀಟರಿನ ಒಂದು ಮೊನೆ (ಪ್ರೋಬ್) ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಚಾಸಿಗೆ, ಅಂದರೆ ಕರೆಂಟು ವಾಪಸ್ ಬರುವ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಇಟ್ಟೆ. ಅಲ್ಲಿ ಸೊನ್ನೆ ಇರಬೇಕಿತ್ತು, 1.1 ತೋರಿಸಿತು. ಮೆಟ್ಟಿಲ ಕೆಳಗೆ ಬೆನ್ನ ಮೇಲೆ ಮಲಗಿ ಟಾರ್ಚ್ ಬಿಟ್ಟರೆ ನೆಗೆಟಿವ್ ಕೇಬಲ್ಲನ್ನು ಚಾಸಿಗೆ ಕಟ್ಟಿದ ಬೋಲ್ಟು ಕಂಡಿತು. ಹೊರಗಿಂದ ನೋಡಿದರೆ ಗಟ್ಟಿ. ಮುಟ್ಟಿದರೆ ಬೆಚ್ಚಗಿತ್ತು. 1.1 ವೋಲ್ಟು, 8 ಆಂಪು: ಹತ್ತಿರ ಹತ್ತಿರ 9 ವ್ಯಾಟ್ ಅಲ್ಲೇ ಶಾಖವಾಗಿ ಹೋಗುತ್ತಿತ್ತು. ಹೆಂಡತಿಗೆ ಸೇರಬೇಕಿದ್ದ ಬಿಸಿ ಬೋಲ್ಟಿಗೆ ಸೇರುತ್ತಿತ್ತು.

ಬ್ಯಾಟರಿ ಕಳಚಿಟ್ಟು ಬೋಲ್ಟು ಬಿಚ್ಚಿದರೆ ಕೇಬಲ್ಲಿನ ಲಗ್ಗಿಗೂ (ತುದಿಯ ಲೋಹದ ಉಂಗುರ) ಚಾಸಿಗೂ ನಡುವೆ ಕಂದು ತುಕ್ಕಿನ ಹೊಪ್ಪಳೆ, ಅದರ ಕೆಳಗೆ ಹಳೇ ಪೇಂಟು. ತಂತಿ ಬ್ರಷ್ಷಿನಲ್ಲಿ ಲೋಹ ಹೊಳೆಯುವ ತನಕ ಉಜ್ಜಿದೆ. ಹೊಸ ಲಗ್ಗು, ಹಲ್ಲಿರುವ ವಾಷರು, ಮೇಲೆ ಒಂದಿಷ್ಟು ಗ್ರೀಸು. 6 ಡಾಲರ್ ಖರ್ಚು. ಮತ್ತೆ ಅಳೆದರೆ 0.03 ವೋಲ್ಟ್. ಹೀಟರು ಮೊದಲ ಏಟಿಗೇ ಹೊತ್ತಿಕೊಂಡಿತು.

ಇಲ್ಲಿಯವರೆಗಿನ ಕೆಲಸಕ್ಕೆ ಕ್ಲ್ಯಾಂಪ್ ಬೇಕಿರಲಿಲ್ಲ, ನಿಜ. 10 ಡಾಲರಿನ ಮಾಮೂಲಿ ಮಲ್ಟಿಮೀಟರೂ ವೋಲ್ಟ್ ಹೇಳುತ್ತಿತ್ತು. ಕ್ಲ್ಯಾಂಪಿನ ಬೆಲೆ ಗೊತ್ತಾಗಿದ್ದು ಚಾರ್ಜಿಂಗ್ ನೋಡುವಾಗ. ತುಕ್ಕು ತೆಗೆಯುವ ಮುಂಚೆ ಪ್ಲಗ್ ಹಾಕಿ ಬ್ಯಾಟರಿ ಕೇಬಲ್ಲಿಗೆ ಕ್ಲ್ಯಾಂಪ್ ಕಚ್ಚಿಸಿದ್ದೆ. ಕನ್ವರ್ಟರಿನ ಹತ್ತಿರ 13.6 ವೋಲ್ಟ್ ಇತ್ತು, ಬ್ಯಾಟರಿಗೆ ಹೋಗುತ್ತಿದ್ದದ್ದು 4 ಆಂಪ್. ತೆಗೆದ ಮೇಲೆ 31! ಕನ್ವರ್ಟರ್ ಸರಿಯಾಗೇ ಇತ್ತು. ನನ್ನ ಬ್ಯಾಟರಿಗಳು ಯಾವತ್ತೂ ಪೂರ್ತಿ ಚಾರ್ಜ್ ಆಗದೆ, ಅರೆಹೊಟ್ಟೆಯಲ್ಲಿ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಪದರ ಕಟ್ಟಿ ಸತ್ತಿದ್ದವು.

ಎರಡನೇ ಕಳ್ಳ ಸಿಕ್ಕಿದ್ದು ಆ ಬೇಸಿಗೆಯಲ್ಲಿ. ಎಲ್ಲ ಆಫ್ ಮಾಡಿ ನಿಲ್ಲಿಸಿದರೂ ವಾರದಲ್ಲಿ ಬ್ಯಾಟರಿ ಅರ್ಧಕ್ಕೆ ಇಳಿಯುತ್ತಿತ್ತು. ನೆಗೆಟಿವ್ ಕೇಬಲ್ಲಿಗೆ ಕ್ಲ್ಯಾಂಪ್ ಹಾಕಿದರೆ 0.62 ಆಂಪ್. ಕಮ್ಮಿ ಅನಿಸುತ್ತೆ, ಅಲ್ವಾ? ದಿನಕ್ಕೆ 15 ಆಂಪ್-ಅವರ್ ಆಯಿತು. ನನ್ನ ಬ್ಯಾಟರಿ 220 ಆಂಪ್-ಅವರಿನದು, ಏಳೆಂಟು ದಿನಕ್ಕೆ ಅರ್ಧ ಖಾಲಿ. ಒಂದೊಂದೇ ಫ್ಯೂಸ್ ಕೀಳುತ್ತಾ ಹೋದೆ. ಫ್ರಿಜ್ಜಿನ ಫ್ಯೂಸ್ ಕಿತ್ತಾಗ 0.17ಕ್ಕೆ ಇಳಿಯಿತು. ಫ್ರಿಜ್ ಆಫ್ ಇದೆ, ಮತ್ತೆ ಇದೇನು? ಬಾಗಿಲಿನ ಚೌಕಟ್ಟಿನಲ್ಲಿ ಬೆವರು ಕಟ್ಟದಂತೆ ಒಂದು ತೆಳು ಹೀಟರ್ ಪಟ್ಟಿ ಇರುತ್ತದಂತೆ. ಅದಕ್ಕೊಂದು ಪುಟ್ಟ ಸ್ವಿಚ್, ಫ್ರೀಜರ್ ಬಾಗಿಲು ತೆರೆದರೆ ಮಾತ್ರ ಕಾಣುವಂಥದ್ದು. ಗಾಡಿಯ ಹಿಂದಿನ ಮಾಲೀಕರ ಕಾಲದಿಂದಲೂ ಅದು ಆನ್ ಇತ್ತೋ ಏನೋ. ಉಳಿದ 0.17 ಗ್ಯಾಸ್ ಸೋರಿಕೆ ಅಲಾರಂ ಮತ್ತು ಸ್ಟೀರಿಯೋದ್ದು. ಅಲಾರಂ ಮುಟ್ಟಬೇಡಿ, ಅದು ಇರಲೇಬೇಕು.

ಈಗ ಮೀಟರಿನ ಕೊರತೆಗಳು. ಸೊನ್ನೆ ಜಾರುತ್ತದೆ, ಅಂದರೆ ಕರೆಂಟು ಇಲ್ಲದಿದ್ದರೂ ಏನೋ ಅಂಕಿ ತೋರಿಸುತ್ತದೆ. ಹಾಲ್ ಸೆನ್ಸರಿನ ಜಾತಿಗುಣ ಅದು. ಕ್ಲ್ಯಾಂಪ್ ತಿರುಗಿಸಿದರೂ ಅಂಕಿ ಬದಲಾಗುತ್ತದೆ. ಹಾಗಾಗಿ ಕೇಬಲ್ ಹತ್ತಿರ, ಅಳೆಯುವ ದಿಕ್ಕಿನಲ್ಲೇ ಹಿಡಿದು ಜೀರೋ ಒತ್ತಬೇಕು, ಆಮೇಲೆ ಕಚ್ಚಿಸಬೇಕು. 0.05ಕ್ಕಿಂತ ಕಮ್ಮಿ ಅಂಕಿ ತೋರಿಸಿದರೆ ನಾನು ನಂಬುವುದಿಲ್ಲ. ಹದಿನೈದು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ, ಸರಿಯಾಗಿ ನೀವು ಗಾಡಿ ಕೆಳಗೆ ತೂರಿದ ಹೊತ್ತಿಗೆ. ಜೊತೆಗೆ ಬಂದ ಪ್ರೋಬ್ ವೈರು ಚಳಿಗೆ ಕಡ್ಡಿಯಂತೆ ಸೆಟೆದುಕೊಂಡು ಒಂದು ವರ್ಷಕ್ಕೆ ಬುಡದಲ್ಲಿ ಬಿರುಕು ಬಿಟ್ಟಿತು. ಸಿಲಿಕೋನ್ ವೈರು ತಗೊಂಡೆ. ಬಾಯಿ ಚಿಕ್ಕದು, ಎಂಜಿನ್ ಬ್ಯಾಟರಿಯ ದಪ್ಪ ಕೇಬಲ್ಲುಗಳ ಸಂದಿಯಲ್ಲಿ ಪರದಾಟ.

ಇನ್ನೊಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಹೊರಗಿನ 120 ವೋಲ್ಟ್ ಕೇಬಲ್ಲನ್ನು ಇಡಿಯಾಗಿ ಕ್ಲ್ಯಾಂಪಿನೊಳಗೆ ಹಿಡಿದು, ಏಸಿ ಓಡುತ್ತಿದ್ದರೂ ಸೊನ್ನೆ ಬಂತು ಅಂತ ಮೀಟರ್ ವಾಪಸ್ ಕಳಿಸಲು ಹೊರಟಿದ್ದೆ. ಹೋಗುವ ಕರೆಂಟು, ಬರುವ ಕರೆಂಟು ಒಂದಕ್ಕೊಂದು ವಜಾ ಆಗುತ್ತವೆ. ಒಂದೇ ತಂತಿಯನ್ನು ಹಿಡಿಯಬೇಕು. ಅದಕ್ಕೆ ತಂತಿಗಳನ್ನು ಬೇರೆ ಮಾಡಿಕೊಡುವ ಲೈನ್ ಸ್ಪ್ಲಿಟರ್ ಸಿಗುತ್ತದೆ. ಕೇಬಲ್ ಸೀಳಲು ಹೋಗಬೇಡಿ.

ಕ್ಯಾಂಪ್‌ಗ್ರೌಂಡಿನಲ್ಲಿ ಪ್ಲಗ್ ಹಾಕುವ ಮುಂಚೆ ಅಲ್ಲಿನ ಕರೆಂಟು ಕಂಬದ ಸಾಕೆಟ್ಟಿನ ವೋಲ್ಟೇಜ್ ನೋಡುವುದು ಈಗ ಅಭ್ಯಾಸ. 30 ಆಂಪ್ ಸಾಕೆಟ್ಟಿನಲ್ಲಿ 120 ಇರಬೇಕು. ಇದನ್ನು ಬಟ್ಟೆ ಒಣಗಿಸುವ ಮೆಷಿನ್ನಿನ ಸಾಕೆಟ್ ಅಂದುಕೊಂಡು 240 ಕೊಡುವ ಎಲೆಕ್ಟ್ರಿಷಿಯನ್ನರಿದ್ದಾರೆ, ಮುಖ್ಯವಾಗಿ ಮನೆಗಳಲ್ಲಿ. ಹಾಕಿದರೆ ಮೈಕ್ರೋವೇವ್, ಕನ್ವರ್ಟರ್ ಎರಡೂ ಹೊಗೆ. ಬೇಸಿಗೆ ಮಧ್ಯಾಹ್ನ ಎಲ್ಲರೂ ಏಸಿ ಹಾಕಿದಾಗ 105ಕ್ಕಿಂತ ಕೆಳಗಿಳಿದರೆ ನಾನು ನಮ್ಮ ಏಸಿ ಆರಿಸುತ್ತೇನೆ. ಈ ಕೆಲಸಕ್ಕೆ ಮೀಟರ್ ಮೇಲೆ ಕ್ಯಾಟ್ 3, 600 ವೋಲ್ಟ್ ಅನ್ನುವ ಸುರಕ್ಷತೆಯ ದರ್ಜೆ ಬರೆದಿರಲಿ.

ಕಳೆದ ವರ್ಷ ಊರಿಗೆ ಹೋದಾಗ ಮೀಟರ್ ತಗೊಂಡು ಹೋಗಿದ್ದೆ. ಮನೆಯ ಯುಪಿಎಸ್ ಬ್ಯಾಟರಿ ನೋಡೋಣ ಅಂತ. ಅಪ್ಪ ವೈರು ಕಡಿಯದೆ ಡಿಸಿ ಆಂಪ್ ಬರುವುದನ್ನು ನಾಲ್ಕು ಸಲ ಪರೀಕ್ಷೆ ಮಾಡಿದರು, ಜೀರೋ ಜಾರುತ್ತೆ ಅಂತ ಬೈದರು, ಹೊರಡುವ ದಿನ ವಾಪಸ್ ಕೊಡಲಿಲ್ಲ. ಬಂದು ಅದೇ ಮಾಡೆಲ್ ಇನ್ನೊಂದು ತರಿಸಿದೆ. ಈ ಸಲ ಸಿಲಿಕೋನ್ ವೈರನ್ನೂ ಜೊತೆಗೇ ಆರ್ಡರ್ ಮಾಡಿದೆ.