ಪೀಚ್ ಹಣ್ಣಿನ ಹುಡುಗಿಯ ಪ್ರಿಂಟ್: ಚಿತ್ರ ಅದ್ಭುತ, ಕತ್ತರಿ ಕೆಲಸ ಸೊನ್ನೆ

ರಷ್ಯಾದ ಚಿತ್ರಕಾರ ವ್ಯಾಲೆಂಟಿನ್ ಸೆರೋವ್ ಬರೆದ 'ಪೀಚ್ ಹಣ್ಣುಗಳ ಜೊತೆ ಹುಡುಗಿ' ಚಿತ್ರದ ಕ್ಯಾನ್ವಾಸ್ ಪ್ರಿಂಟ್ ಆನ್‌ಲೈನಲ್ಲಿ ತರಿಸಿದೆ. ಕ್ಯಾನ್ವಾಸ್ ಗಟ್ಟಿಯಾಗಿದೆ, ಫ್ರೇಮೂ ಪ್ಯಾಕಿಂಗೂ ಚೆನ್ನಾಗಿವೆ.

ಆದರೆ ಮೂಲ ಚಿತ್ರ ಹೆಚ್ಚುಕಡಿಮೆ ಚೌಕ, 91 ಸೆಂ.ಮೀ. ಎತ್ತರ, 85 ಸೆಂ.ಮೀ. ಅಗಲ. ಅದನ್ನು ಉದ್ದನೆಯ ಪೋಸ್ಟರ್ ಅಳತೆಗೆ ಕೂರಿಸಲು ಎರಡೂ ಬದಿ ಕತ್ತರಿಸಿದ್ದಾರೆ. ಎಡಗಡೆ ಹಿಂದೆ ನಿಂತಿದ್ದ ಮರದ ಸಿಪಾಯಿ ಗೊಂಬೆ ಮಾಯ, ಬಲಗಡೆ ಗೋಡೆಯ ಮೇಲಿನ ತಟ್ಟೆ ಅರ್ಧ. ಇದೇನು ಪಾಸ್‌ಪೋರ್ಟ್ ಫೋಟೋನಾ?

ಈ ಚಿತ್ರದ ಜೀವ ಇರುವುದೇ ಹುಡುಗಿಯ ಸುತ್ತ ಕಾಣುವ ಆ ಮನೆಯಲ್ಲಿ. 1887ರಲ್ಲಿ ಮಾಸ್ಕೋ ಹತ್ತಿರದ ಅಬ್ರಾಮ್ತ್ಸೆವೊದಲ್ಲಿ, ಮಾಮೊಂತೊವ್ ಕುಟುಂಬದ ಊಟದ ಕೋಣೆಯಲ್ಲೇ ಬರೆದದ್ದು. ಸೆರೋವ್‌ಗೆ ಆಗ 22 ವರ್ಷ. ಚಿತ್ರದಲ್ಲಿರುವ ಹುಡುಗಿ, ಆ ಶ್ರೀಮಂತ ಕುಟುಂಬದ ಮಗಳು ವೇರಾಳಿಗೆ ರೇಷ್ಮೆ ಉಡಿಸಿ, ಒಡವೆ ಹಾಕಿ ಕೂರಿಸಲಿಲ್ಲ. ಗುಲಾಬಿ ಬಣ್ಣದ ಸಾದಾ ರವಿಕೆಯಂಥ ಅಂಗಿ, ಎದೆ ಮೇಲೆ ಚುಕ್ಕೆಗಳಿರುವ ಕಪ್ಪು ಬೋ, ಸ್ವಲ್ಪ ಕೆದರಿದ ಕೂದಲು, ಅಷ್ಟೇ. ಹಾಗಂತ ಸುಮ್ನೆ ಒಂದೇ ದಿನದಲ್ಲಿ ಮುಗಿದ ಕೆಲಸವಲ್ಲ, ಪಾಪ, ಆ ಹುಡುಗಿ ಒಂದು ತಿಂಗಳಿಗೂ ಜಾಸ್ತಿ ಕೂತಿದ್ದಳು.

ಬೆಳಕು ಹಿಂದಿನ ಕಿಟಕಿಯಿಂದ ಬರುತ್ತದೆ, ಹಾಗಾಗಿ ಅಂಗಿಯ ಮಡಿಕೆಗಳಲ್ಲಿ ಬೂದು, ನೀಲಿ ಛಾಯೆ ಇರಬೇಕು. ಪ್ರಿಂಟಿನಲ್ಲಿ ಎಲ್ಲವೂ ಒಂದೇ ಗುಲಾಬಿ, ಬೊಂಬಾಯಿ ಮಿಠಾಯಿ ಹಾಗೆ.

ಐದಕ್ಕೆ ಎರಡು ಸ್ಟಾರ್. ತರಿಸುವುದಾದರೆ ಚೌಕ ಅಳತೆಯಲ್ಲಿ, ಕತ್ತರಿಸದೆ ಕೊಡುತ್ತಾರಾ ಅಂತ ಮೊದಲೇ ಕೇಳಿ.