ಬಂದೂಕಿನ ‘ಇ.ಟಿ.’, ವಾಕಿ-ಟಾಕಿಯ ‘ಇ.ಟಿ.’

ಆಟಿಯ ಮಳೆಗೆ ಶಾಲೆಗಳಿಗೆ ರಜೆ ಸಿಕ್ಕಿದ ಎರಡು ದಿನ ಮಂಗಳೂರಿನ ಬಿಜೈಯ ನಮ್ಮ ಮನೆಯಲ್ಲಿ ಒಂದೇ ಸಿನಿಮಾ ಎರಡು ಸಲ ಓಡಿತು. ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಇ.ಟಿ.’, ಭೂಮಿಯಲ್ಲಿ ಒಂಟಿಯಾಗಿ ಉಳಿದ ಇ.ಟಿ. ಎಂಬ ಅನ್ಯಗ್ರಹದ ಜೀವಿಯನ್ನು ಒಬ್ಬ ಹುಡುಗ ಮನೆಯಲ್ಲಿ ಬಚ್ಚಿಟ್ಟು ಕಾಪಾಡುವ ಕತೆ. ಭಾವ ಯಾವುದೋ ಕಾಲದಲ್ಲಿ ದುಬೈಯಿಂದ ತಂದ ಡಿವಿಡಿ ಪೆಟ್ಟಿಗೆಯಲ್ಲಿ 1982ರ ಮೂಲವೂ ಉಂಟು, 20 ವರ್ಷ ತುಂಬಿದ ನೆಪದಲ್ಲಿ 2002ರಲ್ಲಿ ತಿದ್ದಿದ್ದೂ ಉಂಟು. ನನ್ನ ಜೊತೆ ಕೂತವಳು ಅಕ್ಕನ ಏಳು ವರ್ಷದ ಮಗಳು. ನಡುವೆ ಒಂದು ತಟ್ಟೆ ಹಲಸಿನ ಹಪ್ಪಳ.

ಮೊದಲ ದಿನ 2002ರದ್ದು ಹಾಕಿದೆ. ಐದು ನಿಮಿಷದಷ್ಟು ಉದ್ದ ಹೆಚ್ಚು. ಅದರಲ್ಲಿ ಮುಖ್ಯವಾದದ್ದು ಬಾತ್‌ಟಬ್ ದೃಶ್ಯ. ಬೊಂಬೆ ಸರಿಯಾಗಿ ಆಡಲಿಲ್ಲವೆಂದು 1982ರಲ್ಲಿ ಕೈಬಿಟ್ಟದ್ದನ್ನು ಕಂಪ್ಯೂಟರ್ ಇ.ಟಿ. ಕೂರಿಸಿ ಮತ್ತೆ ಸೇರಿಸಿದ್ದಾರೆ. ಕತೆಗೆ ಅದರಿಂದ ಏನೂ ಆಗಬೇಕಾಗಿಲ್ಲ. ಹುಡುಗಿ ಮಾತ್ರ ಹಪ್ಪಳ ಮರೆತು ನಕ್ಕಳು.

ಬೇರೆ ಕಡೆಯೂ ಇ.ಟಿ.ಯ ಮುಖವನ್ನು ಕಂಪ್ಯೂಟರಿನಲ್ಲಿ ತಿದ್ದಿದ್ದಾರೆ. ಹೊಸ ಮುಖ ಬಹಳ ಚುರುಕು, ಅದೇ ನನಗೆ ಆಗಲಿಲ್ಲ. ಕಾರ್ಲೊ ರಾಂಬಾಲ್ಡಿ ಮಾಡಿದ ಬೊಂಬೆ ಕತ್ತು ತಿರುಗಿಸಲು, ರೆಪ್ಪೆ ಮುಚ್ಚಲು ಹೊತ್ತು ತೆಗೆದುಕೊಳ್ಳುತ್ತದೆ. ಆ ನಿಧಾನಕ್ಕೇ ಅದು ಮುದಿ ಜೀವದ ಹಾಗೆ, ಊರು ಬಿಟ್ಟು ಬಂದು ದಣಿದದ್ದರ ಹಾಗೆ ಕಾಣುವುದು. ತಿದ್ದಿದ್ದರಲ್ಲಿ ಒಂದು ಶಾಟ್‌ನಲ್ಲಿ ಬೊಂಬೆ, ಇನ್ನೊಂದರಲ್ಲಿ ಕಂಪ್ಯೂಟರ್. ಬಯಲಾಟದಲ್ಲಿ ಒಂದೇ ಪಾತ್ರವನ್ನು ಇಬ್ಬರು ವೇಷಧಾರಿಗಳು ಹಂಚಿಕೊಳ್ಳುವುದು ನಮಗೆ ಅಭ್ಯಾಸ. ಆದರೆ ಒಂದೇ ಪದ್ಯದ ನಡುವೆ ವೇಷ ಬದಲಾದರೆ ಹೇಗೆ ಮಾರಾಯ್ರೆ?

ಹ್ಯಾಲೋವೀನ್ ಹಬ್ಬದ ವೇಷದ ಬಗ್ಗೆ ಸಿನಿಮಾದ ಮಕ್ಕಳ ಅಮ್ಮ ಗದರುವಾಗ ಮೂಲದಲ್ಲಿದ್ದ ‘ಟೆರರಿಸ್ಟ್’ ಇಲ್ಲಿ ‘ಹಿಪ್ಪಿ’ ಆಗಿದೆ. ಕಿವಿಗೊಟ್ಟು ಕೇಳದಿದ್ದರೆ ಗೊತ್ತೇ ಆಗದು.

ನಿಜವಾದ ಜಗಳ ಇರುವುದು ಕೊನೆಯ ಸೈಕಲ್ ಓಟದಲ್ಲಿ. ಮಕ್ಕಳು ಇ.ಟಿ.ಯನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ತಪ್ಪಿಸಿಕೊಳ್ಳುತ್ತಾರೆ, ಮುಂದೆ ದಾರಿ ಅಡ್ಡಗಟ್ಟಿದ ದೊಡ್ಡವರು. 1982ರಲ್ಲಿ ಅವರ ಕೈಯಲ್ಲಿ ಬಂದೂಕು. 2002ರಲ್ಲಿ ಅದನ್ನು ಅಳಿಸಿ ವಾಕಿ-ಟಾಕಿ ಇಟ್ಟಿದ್ದಾರೆ. ಮಕ್ಕಳ ಮುಂದೆ ಬಂದೂಕು ಹಿಡಿದದ್ದು ಸ್ಪೀಲ್‌ಬರ್ಗ್‌ಗೇ ಕಸಿವಿಸಿಯಾಗಿತ್ತಂತೆ. ಅಪ್ಪ-ಅಮ್ಮಂದಿರಿಗೆ ಒಪ್ಪಿಗೆಯಾಗುವ ಕಾರಣವೇ. ನಾನೂ ಮೊದಲ ದಿನ ಇದನ್ನೇ ಹಾಕಿದ್ದು ಅದಕ್ಕೆ.

ಆದರೆ ಸೈಕಲ್ ಹಾರುವ ಮೊದಲು ಹುಡುಗ ಕಣ್ಣು ಮುಚ್ಚಿದಾಗ ಇವಳು ಕೇಳಿದಳು: “ಮಾಮ, ಅವನಿಗೆ ಎಂತಕ್ಕೆ ಹೆದರಿಕೆ? ಅವರು ಫೋನಿನಲ್ಲಿ ಮಾತಾಡ್ತಾ ಇದ್ದಾರಲ್ಲ?”

ನನ್ನಲ್ಲಿ ಉತ್ತರ ಇರಲಿಲ್ಲ.

ಮರುದಿನ ಮೂಲ ಹಾಕಿದೆ. ಅದೇ ಜಾಗ ಬಂದಾಗ ಪ್ರಶ್ನೆ ಬರಲಿಲ್ಲ. ನನ್ನ ಅಂಗಿಯ ತೋಳು ಹಿಡಿದು ಕೂತಳು, ಸೈಕಲ್‌ಗಳು ನೆಲ ಬಿಟ್ಟಾಗ ಎದ್ದು ನಿಂತಳು. ಜಾನ್ ವಿಲಿಯಮ್ಸ್ ಸಂಗೀತ ಎರಡರಲ್ಲೂ ಅದೇ. ಈ ಕೊನೆಯ ಭಾಗಕ್ಕೆ ಅವರು ಚಿತ್ರ ನೋಡದೆ ತಮ್ಮದೇ ಲಯದಲ್ಲಿ ವಾದ್ಯವೃಂದ ನುಡಿಸಿದ್ದರು, ಸ್ಪೀಲ್‌ಬರ್ಗ್ ಆಮೇಲೆ ಚಿತ್ರವನ್ನೇ ಅದಕ್ಕೆ ಹೊಂದುವಂತೆ ಕತ್ತರಿಸಿದರು. ಅಷ್ಟು ಮೇಲೆ ಏರುವ ಸಂಗೀತಕ್ಕೆ ಎದುರಿಗೆ ವಾಕಿ-ಟಾಕಿ ಸಾಲದು.

ಸ್ಪೀಲ್‌ಬರ್ಗ್ ಕೂಡ ಇಲ್ಲಿಗೇ ಬಂದು ನಿಂತರು. 2012ರ ಬ್ಲೂ-ರೇಯಲ್ಲಿ ಮೂಲ ಮಾತ್ರ ಇಟ್ಟರು, ತಿದ್ದಬಾರದಿತ್ತು ಎಂದು 2023ರಲ್ಲಿ ಬಹಿರಂಗವಾಗಿಯೇ ಹೇಳಿದರು.

ಹಾಗಾಗಿ ನನ್ನ ಓಟು 1982ಕ್ಕೆ. ನಮ್ಮ ಮನೆಯ ಇನ್ನೊಂದು ಓಟು ಒಡೆದಿದೆ. ಮೂಲ ನೋಡುತ್ತಾ ಬಾತ್‌ಟಬ್ ಬಾರದೆ ಹೋದದ್ದಕ್ಕೆ ದೊಡ್ಡ ರಂಪ. ಡಿಸ್ಕ್ ಬದಲಿಸಿ ಅದೊಂದು ದೃಶ್ಯ ತೋರಿಸಿ, ಮತ್ತೆ ಹಳೆಯದನ್ನು ಹಾಕಬೇಕಾಯಿತು. ಸಂಜೆ ನೋಡಿದರೆ ಬಚ್ಚಲಿನ ಹಂಡೆಯಲ್ಲಿ ಅವಳ ಬಟ್ಟೆಯ ಆನೆ ತೇಲುತ್ತಿತ್ತು.