ಬಯಲಲ್ಲಿ ಸರಿ, ಮಲೆನಾಡಿನ ಕಾಡಲ್ಲಿ ಸುಳ್ಳು: ಹ್ಯಾಂಡ್‌ಹೆಲ್ಡ್ ಜಿಪಿಎಸ್ ಕೊಳ್ಳುವವರು ಓದಿ

‘ಹೊಚ್ಚ ಹೊಸದು, ವಾಟರ್‌ಪ್ರೂಫ್, ದಟ್ಟ ಕಾಡಿನಲ್ಲೂ ಪಕ್ಕಾ ಕೆಲಸ ಮಾಡುತ್ತೆ’ ಎಂದು ಹೇಳಿ ಅರ್ಧ ಬೆಲೆಗೆ ಮಾರುವ ಹ್ಯಾಂಡ್‌ಹೆಲ್ಡ್ ಜಿಪಿಎಸ್ (ಉಪಗ್ರಹದ ಸಿಗ್ನಲ್ ಹಿಡಿದು ಜಾಗ, ದಾರಿ ತೋರಿಸುವ ಕೈಯಂತ್ರ) ನಂಬಿಕೊಂಡು ನಮ್ಮ ಕಡೆ ಕಾಡಿಗೆ ಇಳಿಯಬೇಡಿ. ಅಂಥದ್ದನ್ನು ನಂಬಿ ಮೂರು ಮಕ್ಕಳನ್ನು ಕರೆದುಕೊಂಡು ಹೋಗಿ, ಸಂಜೆಗತ್ತಲಲ್ಲಿ ಶರಾವತಿ ಹಿನ್ನೀರಿನ ಅಂಚಿಗೆ ಹೋಗಿ ನಿಂತಿದ್ದೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ಆಗಬಹುದಿತ್ತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೊಳ್ಳುವ ಮೊದಲು ಮಾರುವವನಿಗೆ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದ್ದೆ. ಸಾಗರ, ಹೊಸನಗರ ಕಡೆ ಓಡಾಟ, ಮಳೆ ಜಾಸ್ತಿ, ಮರ ದಟ್ಟ, ಮಕ್ಕಳ ಜೊತೆ ಜಿಯೋಕ್ಯಾಶಿಂಗ್ ಆಡಬೇಕು ಅಂತ. ‘ಸಾರ್, ಇದು ಅದಕ್ಕೇ ಮಾಡಿರೋದು’ ಎಂದ. ಬಾಕ್ಸ್ ಬಂತು, ಸೀಲ್ ಇತ್ತು, ವಾರಂಟಿ ಕಾರ್ಡ್ ಇತ್ತು. ಶಿವಮೊಗ್ಗದಲ್ಲಿ ಮನೆಯ ಟೆರೇಸ್ ಮೇಲೆ ಹಿಡಿದು ನೋಡಿದರೆ ಒಂದೇ ನಿಮಿಷದಲ್ಲಿ ಜಾಗ ತೋರಿಸಿತು. ಫ್ರೀಡಂ ಪಾರ್ಕಿನಲ್ಲಿ ನಡೆದು ನೋಡಿದಾಗಲೂ ನಮ್ಮ ಜಾಡು ತೋರಿಸುವ ಗೆರೆ ದಾರಿಯ ಮೇಲೇ ಇತ್ತು.

ಜಿಯೋಕ್ಯಾಶಿಂಗ್ ಗೊತ್ತಿಲ್ಲದವರಿಗೆ: ಒಬ್ಬರು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶ ಕೊಡುತ್ತಾರೆ, ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾರೆ. ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಮತ್ತೆ ಅಲ್ಲೇ ಇಡಬೇಕು. 2000ದ ಮೇ ತಿಂಗಳವರೆಗೂ ಅಮೆರಿಕ ಸರ್ಕಾರ ಸಾಮಾನ್ಯ ಜನರಿಗೆ ಸಿಗುವ ಜಿಪಿಎಸ್ ಸಿಗ್ನಲನ್ನು ಬೇಕೆಂದೇ ಕೆಡಿಸಿ ಬಿಡುತ್ತಿತ್ತು. ಸುಮಾರು 100 ಮೀಟರ್ ಆಚೀಚೆ ತೋರಿಸುತ್ತಿತ್ತು. ಅದನ್ನು ನಿಲ್ಲಿಸಿದ ಮರುದಿನವೇ, ಮೇ 3ರಂದು, ಒರೆಗಾನ್ ರಾಜ್ಯದಲ್ಲಿ ಡೇವ್ ಉಲ್ಮರ್ ಎಂಬವರು ಬಕೆಟ್ಟೊಂದನ್ನು ಕಾಡಿನಲ್ಲಿಟ್ಟು ಈ ಆಟ ಶುರು ಮಾಡಿದರು. ಅಂದರೆ ಆಟ ಹುಟ್ಟಿದ್ದೇ ಜಿಪಿಎಸ್ ಜಾಗವನ್ನು ಸರಿಯಾಗಿ ತೋರಿಸತೊಡಗಿದ ಮೇಲೆ. ನೂರು ಮೀಟರ್ ತಪ್ಪು ತೋರಿಸುವ ಯಂತ್ರದಲ್ಲಿ ಈ ಆಟ ಸಾಧ್ಯವೇ ಇಲ್ಲ.

ಅಕ್ಕನ ಮಗ ಬೆಂಗಳೂರಿನಲ್ಲಿದ್ದಾನೆ, ಈ ಆಟದಲ್ಲಿ ಪಳಗಿದವನು. ಬೇಸಿಗೆಯಲ್ಲಿ ಬಂದಾಗ ಸಾಗರ ತಾಲ್ಲೂಕಿನ ನಮ್ಮ ನೆಂಟರ ಸೊಪ್ಪಿನ ಬೆಟ್ಟದಲ್ಲಿ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡುಗುಡ್ಡ) ಮಕ್ಕಳಿಗಾಗಿ ಸ್ಟೀಲ್ ಡಬ್ಬಿ ಇಟ್ಟು ಹೋಗಿದ್ದ. ಅಭಯಾರಣ್ಯದಲ್ಲಿ ಅನುಮತಿ ಇಲ್ಲದೆ ಹೀಗೆಲ್ಲ ಇಡುವಂತಿಲ್ಲ, ಅದಕ್ಕೆ ಮನೆಯ ಬೆಟ್ಟವನ್ನೇ ಆರಿಸಿಕೊಂಡಿದ್ದ. ತನ್ನ ಒಳ್ಳೆಯ ಯಂತ್ರದಲ್ಲಿ ಬಹಳ ಹೊತ್ತು ಸರಾಸರಿ ತೆಗೆದು ಜಾಗ ಗುರುತು ಮಾಡಿದ್ದ. ಗೌರಿ ಹಬ್ಬಕ್ಕೆ ಎಲ್ಲ ಸೇರಿದ್ದಾಗ ಮಧ್ಯಾಹ್ನ ಊಟ ಮುಗಿಸಿ ನಾನು, ನನ್ನ ತಂಗಿ, ಮಕ್ಕಳು ಹೊರಟೆವು. ಮನೆಯಿಂದ ಅರ್ಧ ಗಂಟೆಯ ದಾರಿ ಅಷ್ಟೆ.

ಬೆಟ್ಟ ಹತ್ತಿ ಮರಗಳ ಕೆಳಗೆ ಹೋಗುತ್ತಿದ್ದಂತೆ ಮಂಜು ಇಳಿಯಿತು. ಹತ್ತು ಹೆಜ್ಜೆ ಆಚೆಗಿನ ಮರ ಕಾಣುತ್ತಿರಲಿಲ್ಲ. ಬಾಣ ತೋರಿಸಿದ ಕಡೆ ನಡೆದೆವು. ಪರದೆ ಮೇಲೆ ‘ಅಕ್ಯುರೆಸಿ 4 ಮೀಟರ್’ ಎಂದೇ ಇತ್ತು. ಒಂದು ಕಡೆ ಮಕ್ಕಳ ಕಾಲಿನ ಉಂಬಳ (ಜಿಗಣೆ) ಬಿಡಿಸಲು ಕೂತೆವು. ಆಗ ನೋಡಿದೆ, ನಾವು ಕೂತಲ್ಲೇ ಇದ್ದೇವೆ, ಪರದೆಯ ಮೇಲಿನ ಗೆರೆ ಮಾತ್ರ ಓಡುತ್ತಿದೆ. ಎಡಕ್ಕೆ ಹೋಯಿತು, ತಿರುಗಿತು, ದಿಬ್ಬ ದಾಟಿತು, ಮತ್ತೆ ನಮ್ಮ ಹತ್ತಿರ ಬಂತು. ಅಕ್ಯುರೆಸಿ ಮಾತ್ರ ಅದೇ 4. ಆಮೇಲೆ ಮಳೆ ಜೋರಾಯಿತು. ಟಚ್ ಸ್ಕ್ರೀನ್ ಮೇಲೆ ಹನಿ ಬಿದ್ದಂತೆಲ್ಲ ಮೆನು ತನ್ನಷ್ಟಕ್ಕೆ ತೆರೆಯುತ್ತಿತ್ತು, ನಕ್ಷೆ ಎಲ್ಲಿಗೋ ಸರಿಯುತ್ತಿತ್ತು. ಒದ್ದೆ ಬೆರಳಿನಿಂದ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಗಾಜಿನ ಒಳಗೆ ಹಬೆ ಕೂತಿತ್ತು. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿ ಎರಡು ಗಂಟೆ ಬರಲಿಲ್ಲ, ಯಂತ್ರ ಆರಿಹೋಯಿತು.

ಅಷ್ಟರಲ್ಲಿ ದಿಬ್ಬದ ತಪ್ಪು ಮಗ್ಗುಲಿಗೆ ಇಳಿದಿದ್ದೆವು. ಬಂದ ದಾರಿ ಮಂಜಿನಲ್ಲಿ ಗುರುತು ಸಿಗಲಿಲ್ಲ. ಕೆಳಗೆ ನೀರಿನ ಸದ್ದು ಕೇಳಿತು. ಮಳೆಗಾಲದ ಕೊನೆ, ಹಿನ್ನೀರು ತುಂಬಿತ್ತು. ಚಿಕ್ಕವಳು ಅಳಲು ಶುರು ಮಾಡಿದಳು. ಪುಣ್ಯಕ್ಕೆ ಕಂಬಳಿಕೊಪ್ಪೆ ಹಾಕಿಕೊಂಡು ದನ ಹುಡುಕುತ್ತಿದ್ದ ಹಿರಿಯರೊಬ್ಬರು ನಮ್ಮ ಸದ್ದು ಕೇಳಿ ಬಂದರು. ‘ಮಕ್ಕಳನ್ನ ಕಟ್ಕಂಡು ಈ ಹೊತ್ತಲ್ಲಿ ನೀರಿನ ಕಡೆ ಯಾಕೆ ಇಳೀತಿದ್ರಿ? ಮುಂದೆ ಪೂರಾ ಜಾರು’ ಎಂದರು. ಅವರೇ ಚಿಕ್ಕವಳನ್ನು ಎತ್ತಿಕೊಂಡು ಮನೆ ಮುಟ್ಟಿಸಿದರು. ಅವರಿಗೆ ಎಷ್ಟು ಋಣಿಯಾದರೂ ಸಾಲದು.

ಮರುದಿನ ಅಕ್ಕನ ಮಗ ಬಂದ. ಡಬ್ಬಿಯ ಪಕ್ಕದಲ್ಲೇ ನಿಂತು ಎರಡೂ ಯಂತ್ರ ಹಿಡಿದು ನೋಡಿದೆವು. ಅವನದು ಡಬ್ಬಿಯಿಂದ ಕೆಲವೇ ಹೆಜ್ಜೆ ಆಚೀಚೆ ತೋರಿಸುತ್ತಿತ್ತು. ನನ್ನದು 80–90 ಮೀಟರ್ ದೂರ, ಅದೂ ನಿಂತಲ್ಲಿ ನಿಲ್ಲದೆ. ಅವನು ಯಂತ್ರವನ್ನು ತಿರುಗಿಸಿ ನೋಡಿ, ‘ಮಾಮ, ಇದರ ತಾರೀಕು ನೋಡಿದೀರಾ?’ ಎಂದ. ಇಸವಿ ಸುಮಾರು ಇಪ್ಪತ್ತು ವರ್ಷ ಹಿಂದಿನದು!

ಇದನ್ನು ಎಲ್ಲರೂ ತಿಳಿದಿರಬೇಕು. ಜಿಪಿಎಸ್ ಉಪಗ್ರಹಗಳು ವಾರಗಳನ್ನು 0ಯಿಂದ 1023ರವರೆಗೆ ಎಣಿಸಿ ಮತ್ತೆ 0ಗೆ ಬರುತ್ತವೆ. 1024 ವಾರ ಅಂದರೆ ಸುಮಾರು 19.6 ವರ್ಷ. ಈ ಎಣಿಕೆ 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಮೊದಲಿನಿಂದ ಶುರುವಾಗಿದೆ. ಹಳೆಯ ಸಾಫ್ಟ್‌ವೇರ್ ಇರುವ ಯಂತ್ರಗಳು ಇದನ್ನು ಸರಿಯಾಗಿ ಲೆಕ್ಕ ಹಾಕದೆ ಹಳೆಯ ತಾರೀಕು ತೋರಿಸುತ್ತವೆ. ‘ಈ ವರ್ಷದ ಹೊಸ ಮಾಡೆಲ್’ ಎಂದು ಕೊಟ್ಟ ಯಂತ್ರ ಹೀಗೆ ತೋರಿಸಿದರೆ ಅದರ ಒಳಗಿರುವುದು ಹಳೇ ಮಾಲು ಎಂದು ಅನುಮಾನ ಪಡಲೇಬೇಕು. ಹತ್ತಿರದಿಂದ ನೋಡಿದರೆ ಹಿಂದಿನ ಸ್ಕ್ರೂಗಳ ತಲೆ ಸವೆದಿತ್ತು. ಸೀರಿಯಲ್ ನಂಬರಿನ ಸ್ಟಿಕ್ಕರ್ ಕೆಳಗೆ ಇನ್ನೊಂದು ಸ್ಟಿಕ್ಕರ್ ಇತ್ತು. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಒಣಗಿ ಬಿರುಕು ಬಿಟ್ಟಿತ್ತು. ನೀರು ಒಳಗೆ ಹೋಗಿದ್ದು ಅಲ್ಲಿಂದಲೇ. ಡಬ್ಬದ ಮೇಲೆ ಐಪಿಎಕ್ಸ್7 ಎಂದು (ನೀರು ತಡೆಯುವ ಮಟ್ಟ) ಬರೆದಿದ್ದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯಬೇಕು. ಆದರೆ ಅದು ಮುಚ್ಚಳ, ಗ್ಯಾಸ್ಕೆಟ್ ಸರಿ ಇದ್ದಾಗಿನ ಮಾತು. ಒಮ್ಮೆ ಬಿಚ್ಚಿ ಜೋಡಿಸಿದ ಯಂತ್ರಕ್ಕೆ ಆ ಭರವಸೆ ಉಳಿಯುವುದಿಲ್ಲ.

ಟೆರೇಸ್ ಮೇಲೆ ಸರಿಯಿದ್ದದ್ದು ಕಾಡಿನಲ್ಲಿ ಯಾಕೆ ಕೆಟ್ಟಿತು? ಉಪಗ್ರಹದ ಸಿಗ್ನಲ್ ನಮ್ಮ ಹತ್ತಿರ ಬರುವಷ್ಟರಲ್ಲಿ ತೀರಾ ಸಣ್ಣದಾಗಿರುತ್ತದೆ. ಒದ್ದೆ ಎಲೆಗಳ ಚಪ್ಪರ ಅದನ್ನು ಇನ್ನಷ್ಟು ಹೀರುತ್ತದೆ. ದಿಬ್ಬ ಅರ್ಧ ಆಕಾಶವನ್ನು ಮುಚ್ಚುತ್ತದೆ. ಉಳಿದ ಸಿಗ್ನಲ್ ಮರದ ಕಾಂಡಕ್ಕೆ, ಬಂಡೆಗೆ ಬಡಿದು ಸುತ್ತು ಹಾಕಿ ಬರುತ್ತದೆ, ಬಾವಿಯೊಳಗೆ ಕೂಗಿದಾಗ ದನಿ ಯಾವ ಕಡೆಯಿಂದ ಬಂತೋ ತಿಳಿಯದ ಹಾಗೆ. ತಡವಾಗಿ ಬಂದ ಸಿಗ್ನಲನ್ನೇ ನೇರ ಬಂದದ್ದು ಎಂದು ತಿಳಿದು ಯಂತ್ರ ದೂರದ ಲೆಕ್ಕ ತಪ್ಪಿಸುತ್ತದೆ. ಆ ‘4 ಮೀಟರ್’ ಅನ್ನೋದು ಯಂತ್ರ ತನ್ನ ಬಗ್ಗೆ ತಾನೇ ಮಾಡಿಕೊಂಡ ಅಂದಾಜು, ಗ್ಯಾರಂಟಿ ಅಲ್ಲ.

ಅದಕ್ಕೆ ನಮ್ಮ ಕಡೆಗೆ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ನಕ್ಷೆ ಎಷ್ಟು ಚೆಂದ ಅಂತಲ್ಲ, ಎಷ್ಟು ಬ್ಯಾಂಡ್ ಅಂತ. ಹಳೆಯ ಯಂತ್ರಗಳು ಎಲ್1 ಎಂಬ ಒಂದೇ ತರಂಗ ಹಿಡಿಯುತ್ತವೆ, 1575.42 ಮೆಗಾಹರ್ಟ್ಸ್‌ನದು. ಹೊಸ ಮಲ್ಟಿ ಬ್ಯಾಂಡ್ ಯಂತ್ರಗಳು 1176.45 ಮೆಗಾಹರ್ಟ್ಸ್‌ನ ಎಲ್5 ಅನ್ನೂ ಹಿಡಿಯುತ್ತವೆ. ಬಡಿದು ಬಂದ ಸಿಗ್ನಲನ್ನು ಬೇರ್ಪಡಿಸಲು ಅದು ತುಂಬಾ ಸಹಾಯ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ ಉಪಗ್ರಹಗಳನ್ನೂ ಹಿಡಿಯುವಂತಿರಲಿ, ಮುಚ್ಚಿದ ಆಕಾಶದಲ್ಲಿ ಎಷ್ಟು ಜಾಸ್ತಿ ಉಪಗ್ರಹ ಕಂಡರೆ ಅಷ್ಟು ಒಳ್ಳೆಯದು. ಅಕ್ಕನ ಮಗನ ಹತ್ತಿರ ಇರುವುದು ಗಾರ್ಮಿನ್ ಜಿಪಿಎಸ್‌ಮ್ಯಾಪ್ 65ಎಸ್. ಮಲ್ಟಿ ಬ್ಯಾಂಡ್, ಬಟನ್‌ಗಳು, ಎರಡು ಪೆನ್ ಸೆಲ್. ಕಾಡಿನ ಮಧ್ಯೆ ಸೆಲ್ ಮುಗಿದರೆ ಜೇಬಿನಿಂದ ಬೇರೆ ಹಾಕಿದರಾಯಿತು. ಮಳೆಯಲ್ಲಿ, ಮಣ್ಣು ಮೆತ್ತಿದ ಕೈಯಲ್ಲಿ ಬಟನ್ ಒತ್ತಬಹುದು. ಮಲೆನಾಡಿಗೆ ಬದಲಿಸಬಹುದಾದ ಸೆಲ್, ಬಟನ್ ಈ ಎರಡನ್ನು ಬಿಟ್ಟುಕೊಡಬೇಡಿ.

ಕಂಪಾಸ್ ಬಗ್ಗೆಯೂ ಕೇಳಿ. ಗಾರ್ಮಿನ್‌ನದೇ ಇಟ್ರೆಕ್ಸ್ 22ಎಕ್ಸ್‌ನಲ್ಲಿ ಎಲೆಕ್ಟ್ರಾನಿಕ್ ಕಂಪಾಸ್ ಇಲ್ಲ, 32ಎಕ್ಸ್‌ನಲ್ಲಿ ಇದೆ. ಇಲ್ಲದಿದ್ದರೆ ನೀವು ನಡೆಯುತ್ತಿರುವಾಗ ಮಾತ್ರ ಬಾಣ ಸರಿ, ನಿಂತರೆ ನಂಬುವಂತಿಲ್ಲ. ಡಬ್ಬಿಯ ಹತ್ತಿರ ಬಂದು ನಿಂತು ಹುಡುಕುವಾಗಲೇ ದಿಕ್ಕು ಬೇಕಾಗುವುದು, ಅಲ್ವಾ?

ಅಂಕಿ ತುಂಬುವಾಗಿನ ಗೊಂದಲವೂ ದಾರಿ ತಪ್ಪಿಸುತ್ತದೆ. ಜಿಯೋಕ್ಯಾಶಿಂಗ್‌ನಲ್ಲಿ ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ ಕೊಡುತ್ತಾರೆ. 14 ಡಿಗ್ರಿ 10.50 ನಿಮಿಷ ಎಂದು ಕೊಟ್ಟದ್ದನ್ನು 10 ನಿಮಿಷ 50 ಸೆಕೆಂಡ್ ಎಂದು ತುಂಬಿದರೆ 600 ಮೀಟರಿಗೂ ಜಾಸ್ತಿ ಆಚೆ ಹೋಗುತ್ತೀರಿ. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್ (ಸರ್ವೆ ನಕ್ಷೆ) ಇಟ್ಟುಕೊಂಡವರು ಗಮನಿಸಿ, ಭೂಮಿಯ ಆಕಾರವನ್ನು ಅಳೆಯುವ ಲೆಕ್ಕ ಎರಡರಲ್ಲೂ ಬೇರೆ: ಅವು ಎವರೆಸ್ಟ್ ಲೆಕ್ಕದವು, ಜಿಪಿಎಸ್ ಡಬ್ಲ್ಯುಜಿಎಸ್84ರದು. ಎರಡನ್ನೂ ಬೆರೆಸಿದರೆ ನೂರು ಮೀಟರಿಗೂ ಮೀರಿ ವ್ಯತ್ಯಾಸ ಬರುತ್ತದೆ. ಮೊದಲೇ ತುಂಬಿಸಿಟ್ಟ ನಕ್ಷೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ನನ್ನ ಯಂತ್ರದ ನಕ್ಷೆಯಲ್ಲಿ 2025ರ ಜುಲೈನಲ್ಲಿ ಓಡಾಟಕ್ಕೆ ತೆರೆದ ಸಿಗಂದೂರು ಸೇತುವೆಯೇ ಇರಲಿಲ್ಲ. ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಹೊಸ ನಕ್ಷೆ ಉಚಿತವಾಗಿ ಸಿಗುತ್ತದೆ, ಅದನ್ನು ಹಾಕಿಕೊಳ್ಳಲು ಆಗುತ್ತದೋ ಇಲ್ಲವೋ ನೋಡಿಕೊಳ್ಳಿ.

ಮೊಬೈಲೇ ಸಾಕಲ್ವಾ ಎನ್ನುವವರಿಗೆ: ನೆಟ್‌ವರ್ಕ್ ಇಲ್ಲದಿದ್ದರೂ ಮೊಬೈಲಿನ ಜಿಪಿಎಸ್ ಕೆಲಸ ಮಾಡುತ್ತದೆ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿರಬೇಕು ಅಷ್ಟೆ. ಜೊತೆಗೆ ಇರಲಿ. ಆದರೆ ಜಡಿಮಳೆಯಲ್ಲಿ ಅದರ ಟಚ್ ಸ್ಕ್ರೀನಿಗೂ ಇದೇ ಗತಿ.

ಇನ್ನು ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ ವಿಷಯ. ದುಡ್ಡು ವಾಪಸ್ ಕೇಳಿದರೆ ಮಾರಿದವನು, ‘ಇದರ ಬದಲು ಬೇರೆ ಕೊಡ್ತೀನಿ, ನೆಟ್‌ವರ್ಕ್ ಇಲ್ಲದ ಕಡೆಯಿಂದಲೂ ಉಪಗ್ರಹದ ಮೂಲಕ ಮೆಸೇಜ್, ಎಸ್‌ಒಎಸ್ (ಅಪಾಯದ ಕರೆ) ಹೋಗುತ್ತೆ’ ಎಂದ. ದಯವಿಟ್ಟು ಇದಕ್ಕೆ ಬೀಳಬೇಡಿ. ಬರೀ ಸಿಗ್ನಲ್ ಪಡೆಯುವ ಜಿಪಿಎಸ್ ಇಟ್ಟುಕೊಳ್ಳಲು ತೊಂದರೆಯಿಲ್ಲ. ಆದರೆ ಉಪಗ್ರಹಕ್ಕೆ ಸಂದೇಶ ಕಳಿಸುವ ಯಂತ್ರವನ್ನು, ಸ್ಯಾಟಲೈಟ್ ಫೋನನ್ನು ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಇಂಥದ್ದನ್ನು ಬ್ಯಾಗಿನಲ್ಲಿಟ್ಟುಕೊಂಡು ಬಂದ ವಿದೇಶಿ ಪ್ರವಾಸಿಗಳನ್ನು ವಿಮಾನ ನಿಲ್ದಾಣದಲ್ಲೇ ಪೊಲೀಸರು ಹಿಡಿದದ್ದಿದೆ. ಒಬ್ಬ ಗಿರಾಕಿಯನ್ನು ಗೊತ್ತಿದ್ದೂ ಅಂಥ ಕಷ್ಟಕ್ಕೆ ತಳ್ಳುವವರ ಹತ್ತಿರ ಏನನ್ನೂ ಕೊಳ್ಳಬಾರದು.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಎರಡು ಸ್ಟಿಕ್ಕರ್‌ಗಳ ಫೋಟೋ, ತಾರೀಕಿನ ಫೋಟೋ, ಅವನ ಮೆಸೇಜ್‌ಗಳು ಎಲ್ಲ ಇವೆ. ನೀವು ಕೊಳ್ಳುವಾಗ ಬಾಕ್ಸ್ ತೆರೆಯುವುದನ್ನು ವಿಡಿಯೋ ಮಾಡಿ. ಸೀರಿಯಲ್ ನಂಬರನ್ನು ಕಂಪನಿಯಲ್ಲೇ ವಿಚಾರಿಸಿ. ವಾಪಸ್ ಮಾಡುವ ಗಡುವು ಮುಗಿಯುವ ಮೊದಲೇ ಒದ್ದೆ ಮರಗಳ ಕೆಳಗೆ, ನಿಮಗೆ ಚೆನ್ನಾಗಿ ಗೊತ್ತಿರುವ ಜಾಗದಲ್ಲಿ, ಅರ್ಧ ಗಂಟೆ ಸುಮ್ನೆ ಇಟ್ಟು ಗೆರೆ ಎಷ್ಟು ಅಲೆಯುತ್ತದೆ ನೋಡಿ. ಅಲೆದರೆ ಅವತ್ತೇ ವಾಪಸ್ ಕಳಿಸಿ.